ಸೈನ್ಯದ ಲೆಕ್ಕವೂ ಪ್ರಜೆಗಳ ಲೆಕ್ಕವೇ

(ಚಿಕ್ಕನಾಯಕನಹಳ್ಳಿಯಲ್ಲಿ ಉಪಾಧ್ಯಾಯರೂ ಪುರಜನರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಸೈನ್ಯದ ವಿಷಯವು ದಿಲ್ಲಿಯವರಿಗೆ ಸೇರಿದ್ದು, ಈ ತೆಂಗಿನ ಸೀಮೆಯಲ್ಲಿ ಕುಳಿತು ಅದನ್ನು ಮಾತನಾಡುವುದೇತಕ್ಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ತಿಪಟೂರಿನ ಬಳಿಯ ಕೋನೇಹಳ್ಳಿಯ ಅಮೃತಮಹಲ್ ದನಗಳನ್ನು ಬಲ್ಲವರು ಹಾಗೆನ್ನಲಾರರು. ಹಿಂದೆ ಮೈಸೂರಿನ ದಂಡಿನ ಫಿರಂಗಿಗಳನ್ನೂ ಸಾಮಾನಿನ ಬಂಡಿಗಳನ್ನೂ ಎಳೆದವು ಈ ತಳಿಯ ಎತ್ತುಗಳೇ. ಅಮೃತಮಹಲ್ ಕಾವಲುಗಳೆಂದು ನಾವು ಕರೆಯುವ ನೆಲವು ಅವುಗಳ ಮೇವಿಗಾಗಿ ಮೀಸಲಾಗಿದ್ದುದು. ನಮ್ಮ ಹುಲ್ಲು, ನಮ್ಮ ಕಂದಾಯ, ನಮ್ಮ ಮಕ್ಕಳು, ಇವುಗಳಿಂದಲೇ ಸೈನ್ಯವು ನಿಂತಿರುವುದು. ಕೊಡತಕ್ಕವರು ನಾವಾದ ಮೇಲೆ ಕೇಳತಕ್ಕವರೂ ನಾವೇ ಅಲ್ಲವೆ?

ಕೇಳುವ ಅಧಿಕಾರವಿಲ್ಲದ ಕಾಲವನ್ನೂ ನಮ್ಮ ಹಿರಿಯರು ಕಂಡಿದ್ದರು. 1799ರ ಒಪ್ಪಂದದ ಮೇರೆಗೆ ಮೈಸೂರು ಸಂಸ್ಥಾನವು ಇಂಗ್ಲಿಷರಿಗೆ ವರ್ಷಕ್ಕೆ 24½ ಲಕ್ಷ ರೂಪಾಯಿಗಳ ಪೊಗದಿಯನ್ನು ಸೈನ್ಯದ ವೆಚ್ಚಕ್ಕೆಂದು ಕೊಡಬೇಕಾಗಿದ್ದಿತು. 1881ರಲ್ಲಿ ರಾಜ್ಯವು ಅರಸರ ಕೈಗೆ ಮರಳಿದಾಗ ಅದನ್ನು 35 ಲಕ್ಷಕ್ಕೆ ಏರಿಸಿದರು. ಕ್ಷಾಮದಿಂದ ನೊಂದಿದ್ದ ನಾಡೆಂದು ಏರಿಕೆಯನ್ನು 1896ರವರೆಗೆ ತಡೆದರು. ಹೆಚ್ಚಿಸಿದ 10½ ಲಕ್ಷವನ್ನು ಬಿಟ್ಟುಕೊಟ್ಟದ್ದು 1928ರಲ್ಲಿ. ಅದೇ 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯೂ ಹುಟ್ಟಿತು. ಅಲ್ಲಿ ಕೆರೆ, ರಸ್ತೆ, ಶಾಲೆಗಳ ವಿಷಯವಾಗಿ ಅರಿಕೆ ಮಾಡಿಕೊಳ್ಳಬಹುದಾಗಿದ್ದಿತು. ಪೊಗದಿಯನ್ನು ಮಂಜೂರು ಮಾಡುವ ಅಥವಾ ತಡೆಯುವ ಅಧಿಕಾರವು ಆ ಸಭೆಗೆ ಇರಲಿಲ್ಲ. ರೈತನು ಕೊಟ್ಟನು, ಅನ್ಯರು ವೆಚ್ಚಮಾಡಿದರು, ಲೆಕ್ಕವನ್ನು ಕೇಳುವವರು ಇರಲಿಲ್ಲ. ಪರಾಧೀನತೆಯೆಂದರೆ ಇದೇ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಈ ಅವಸ್ಥೆಯನ್ನು ತೊಡೆದುಹಾಕಿತು. ಮಂತ್ರಿಮಂಡಲವು ಒಟ್ಟಾಗಿ ಲೋಕಸಭೆಗೆ ಹೊಣೆಯೆಂದು ಅದರ 75ನೆಯ ವಿಧಿಯು ಹೇಳುತ್ತದೆ. ರಕ್ಷಣಾ ಮಂತ್ರಿಯನ್ನು ಈ ಹೊಣೆಯಿಂದ ಹೊರತುಪಡಿಸಿಲ್ಲ.

ಆದರೆ, ಮಹನೀಯರೇ, ಗುಟ್ಟಿನ ಗತಿಯೇನು ಎಂದು ಕೇಳುವಿರಿ. ಪ್ರಶ್ನೆಯು ನ್ಯಾಯವಾದುದೇ. ಯಾವ ದಳವು ಯಾವ ಕಣಿವೆಯಲ್ಲಿ ನಿಂತಿದೆ ಎಂಬುದನ್ನು ಸಭೆಯಲ್ಲಿ ಸಾರತಕ್ಕದ್ದಲ್ಲ. ಹಾಗೆಂದು ಸಿಪಾಯಿಯ ಮೈಮೇಲೆ ಉಣ್ಣೆಯ ಅಂಗಿ ಇದೆಯೆ, ಅವನ ಬೂಟು ಸರಿಯಾಗಿದೆಯೆ ಎಂಬುದು ಗುಟ್ಟಾಗಲಾರದು. ಅಟ್ಟದ ಮೇಲಿಟ್ಟ ಕಾಯಿಯನ್ನು ಒಡೆಯದೆಯೇ ಅಲುಗಿಸಿ, ಕೊಬ್ಬರಿ ಆಯಿತೋ ಇಲ್ಲವೋ ಎಂದು ತಾವು ತಿಳಿಯುವಿರಷ್ಟೆ. ಶತ್ರುವಿಗೆ ತಿಳಿಯಬಾರದ್ದು ಒಂದು. ಆಳುವವರಿಗೆ ತಿಳಿಸಲು ಮನಸ್ಸಿಲ್ಲದ್ದು ಇನ್ನೊಂದು. ಇವೆರಡನ್ನೂ ಒಂದೇ ಚೀಲದಲ್ಲಿ ಕಟ್ಟಗೊಡಬಾರದು.

1962ರ ಕಥೆಯು ಇದಕ್ಕೆ ಸಾಕ್ಷಿ. ಆ ವರ್ಷದ ಅಕ್ಟೋಬರ್ 20ರಂದು ಚೀನದ ಸೈನ್ಯವು ಮೇಲೆ ಬಿದ್ದಾಗ, ಹಿಮದ ಬೆಟ್ಟಗಳಲ್ಲಿ ಚಳಿಗೆ ತಕ್ಕ ಬಟ್ಟೆಯಿಲ್ಲದೆ ನಮ್ಮ ಯೋಧರು ಕಾದಿದರು. ರಕ್ಷಣಾ ಮಂತ್ರಿಯಾಗಿದ್ದ ಕೃಷ್ಣ ಮೆನನರು ನವೆಂಬರ್ 7ರಂದು ಮಂತ್ರಿಮಂಡಲವನ್ನು ಬಿಡಬೇಕಾಯಿತು. ಅವರನ್ನು ಬಿಡಿಸಿದವರಲ್ಲಿ ಅವರ ಪಕ್ಷದ ಸದಸ್ಯರೇ ಮುಂದಾಗಿದ್ದರು. ಮರುದಿನವೇ ಸಂಸತ್ತು ಕೂಡಿತು. ಬಾಗಿಲು ಮುಚ್ಚಿ ಚರ್ಚಿಸೋಣವೆಂಬ ಸೂಚನೆಯನ್ನು ಪ್ರಧಾನಿ ನೆಹರೂ ಅವರು ಒಪ್ಪಲಿಲ್ಲ. ಯುದ್ಧವು ನಡೆಯುತ್ತಿರುವಾಗಲೇ ಸದಸ್ಯರು ದಿನಗಟ್ಟಲೆ ಬಹಿರಂಗವಾಗಿ ಸರಕಾರವನ್ನು ಪ್ರಶ್ನಿಸಿದರು. ಅದರಿಂದ ದೇಶವು ದುರ್ಬಲವಾಗಲಿಲ್ಲ.

ಆದರೆ ಸೋಲಿನ ಕಾರಣಗಳನ್ನು ಶೋಧಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯು ಮುಚ್ಚಿಯೇ ಉಳಿಯಿತು. 1963ರ ಸೆಪ್ಟೆಂಬರಿನಲ್ಲಿ ರಕ್ಷಣಾ ಮಂತ್ರಿ ಚವ್ಹಾಣರು ಅದರ ಸಾರಾಂಶವನ್ನಷ್ಟೆ ಸಂಸತ್ತಿಗೆ ಹೇಳಿದರು. ಕಾರ್ಗಿಲ್ ಯುದ್ಧದ ಪರಿಶೀಲನಾ ವರದಿಯನ್ನೋ, ಕೆಲವು ಭಾಗಗಳನ್ನು ತೆಗೆದು, 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟರು. ಗುಟ್ಟನ್ನೂ ಉಳಿಸಿ ಲೆಕ್ಕವನ್ನೂ ಒಪ್ಪಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಪ್ರಶ್ನೆಯ ಅಗತ್ಯವಂತೂ ತೀರಿಲ್ಲ. ಹಿಮಪ್ರದೇಶದ ಯೋಧರ ಉಡುಪು ಸಲಕರಣೆಗಳಲ್ಲಿ ಕೊರತೆಯುಂಟೆಂದು ಮಹಾಲೇಖಪಾಲರ ವರದಿಯು 2020ರಲ್ಲಿ, ಎಂದರೆ 1962ರಿಂದ 58 ವರ್ಷಗಳ ತರುವಾಯ, ಸಂಸತ್ತಿಗೆ ತಿಳಿಸಿತು.

ಇನ್ನು ದೂಷಣೆಯನ್ನೆಲ್ಲ ಸರಕಾರದ ಮೇಲೆಯೇ ಹೊರಿಸುವುದು ನ್ಯಾಯವಲ್ಲ. 2018ರಲ್ಲಿ ರಕ್ಷಣಾ ಇಲಾಖೆಯ ಬೇಡಿಕೆಗಳೂ ಸೇರಿ ಎಲ್ಲಾ ಇಲಾಖೆಗಳ ಬೇಡಿಕೆಗಳನ್ನು ಲೋಕಸಭೆಯು ಚರ್ಚೆಯಿಲ್ಲದೆ ಒಟ್ಟಿಗೆ ಅಂಗೀಕರಿಸಿತು. ಮೈಸೂರಿನ ಪ್ರತಿನಿಧಿಗಳಿಗೆ ಕೇಳುವ ಅಧಿಕಾರವಿರಲಿಲ್ಲ. ಇವರಿಗೆ ಅಧಿಕಾರವಿದ್ದಿತು, ಗದ್ದಲದಲ್ಲಿ ಹೊತ್ತು ಕಳೆಯಿತು. ಯಾವುದು ಹೆಚ್ಚು ಶೋಚನೀಯವೆಂಬುದನ್ನು ತಾವೇ ತೀರ್ಮಾನಿಸಿರಿ. 2025–26ರ ರಕ್ಷಣಾ ವೆಚ್ಚಕ್ಕೆ ಗೊತ್ತುಮಾಡಿದ ಮೊತ್ತವು 6.81 ಲಕ್ಷ ಕೋಟಿ ರೂಪಾಯಿಗಳು. ಇಷ್ಟು ಹಣಕ್ಕೆ ಒಂದು ದಿನದ ವಿಚಾರಣೆಯಾದರೂ ಬೇಡವೆ?

ಈ ಮಾತು ನಮ್ಮ ಮನೆಬಾಗಿಲಿಗೂ ಬಂದಿದೆ. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು 615 ಎಕರೆಗಳಲ್ಲಿ ಎದ್ದು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಇದು ನಾಡಿಗೆ ಹೆಮ್ಮೆ. ಚಳ್ಳಕೆರೆಯ ಕಡೆ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗಳು ರಕ್ಷಣಾ ಸಂಶೋಧನೆಯೇ ಮೊದಲಾದ ಸಂಸ್ಥೆಗಳಿಗೆ ಹೋದಾಗ, ಹುಲ್ಲುಗಾವಲನ್ನು ಕಳೆದುಕೊಂಡವರ ಕೂಗು ಹಸಿರು ನ್ಯಾಯಪೀಠದವರೆಗೂ ಮುಟ್ಟಿತು. ಆ ಸಂಸ್ಥೆಗಳು ಬೇಡವೆಂದು ನಾವು ಹೇಳುವುದಿಲ್ಲ. ಕೊಡುವ ಮುನ್ನ ಶಾಸನಸಭೆಯಲ್ಲಿ ಮಾತಾಡಿದ್ದರೆ, ಕೊಟ್ಟ ಮೇಲೆ ನ್ಯಾಯಪೀಠಕ್ಕೆ ಅಲೆಯಬೇಕಾಗಿರಲಿಲ್ಲ, ಇಷ್ಟೇ ನಮ್ಮ ಅಭಿಪ್ರಾಯ. ರಕ್ಷಣೆಯು ಕೇಂದ್ರಕ್ಕೆ ಸೇರಿದ್ದಾದರೂ ಭೂಮಿಯು ರಾಜ್ಯಕ್ಕೆ ಸೇರಿದ್ದು. ಆದುದರಿಂದ ಹಣದ ಲೆಕ್ಕವನ್ನು ತುಮಕೂರಿನ ಲೋಕಸಭಾ ಸದಸ್ಯರೂ, ನೆಲದ ಲೆಕ್ಕವನ್ನು ನಮ್ಮ ಶಾಸಕರೂ ಕೇಳತಕ್ಕದ್ದು. ‘ನನಗೆ ಸಂಬಂಧಿಸಿದ್ದಲ್ಲ’ ಎಂದು ಇಬ್ಬರಲ್ಲಿ ಯಾರೂ ಜಾರಿಕೊಳ್ಳಕೂಡದು.

ಉಪಾಧ್ಯಾಯ ಬಂಧುಗಳೇ, ಯೋಧನ ಶೌರ್ಯವನ್ನು ತಾವು ಮಕ್ಕಳಿಗೆ ಹೇಳುತ್ತೀರಿ, ಅದು ಸರಿ. ಆ ಯೋಧನ ಬೂಟಿನ ವಿಷಯವನ್ನು ಕೇಳುವುದು ದೇಶದ್ರೋಹವಲ್ಲ, ಅದು ಅವನ ಋಣವನ್ನು ತೀರಿಸುವ ಬಗೆ ಎಂಬುದನ್ನೂ ಹೇಳಿರಿ. ಮತವನ್ನು ಬೇಡಿ ಬಂದವರನ್ನು ಒಂದು ಮಾತು ಕೇಳಿರಿ: ಕಳೆದ ಐದು ವರ್ಷಗಳಲ್ಲಿ ಸೈನ್ಯದ ವಿಷಯವಾಗಿ ತಾವು ಸಭೆಯಲ್ಲಿ ಎಷ್ಟು ಪ್ರಶ್ನೆ ಕೇಳಿದಿರಿ? ಉತ್ತರವನ್ನು ಕೇಳಿದ ಮೇಲೆ ಮತದ ವಿಚಾರ ಮಾಡೋಣ.