ಎಂಜಿನ್ ನಿಂತರೆ ಕೋಲಾರದಲ್ಲಿ ಎಲ್ಲಿ ಇಳಿಯೋದು?

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಅದೇ ನಮ್ಮ ಕೋಲಾರದ ಮೇಲೆ ಆಗಿದ್ರೆ?

ಎಂಜಿನ್ ನಿಂತ ತಕ್ಷಣ ವಿಮಾನ ಕಲ್ಲಿನ ಥರ ಬೀಳಲ್ಲ, ತೇಲುತ್ತೆ. ಸೆಸ್ನಾ 172 ಸಾವಿರ ಅಡಿ ಇಳಿಯುವಷ್ಟರಲ್ಲಿ ಎರಡೂವರೆ ಕಿ.ಮೀ.ಗೂ ಹೆಚ್ಚು ಮುಂದೆ ಹೋಗುತ್ತೆ. ಆದರೆ ಆಲ್ಟಿಮೀಟರ್ ಸಾಮಾನ್ಯವಾಗಿ ತೋರಿಸೋದು ಸಮುದ್ರಮಟ್ಟದಿಂದ ಎತ್ತರ. ಕೋಲಾರದ ನೆಲವೇ ಸುಮಾರು 2,700 ಅಡಿ ಮೇಲಿದೆ. ಮೀಟರ್‌ನಲ್ಲಿ 5,000 ಕಂಡ್ರೆ ಕೈಯಲ್ಲಿರೋದು 2,300 ಅಡಿ, ಹೆಚ್ಚುಕಮ್ಮಿ ಮೂರು ನಿಮಿಷ.

ಅಷ್ಟರಲ್ಲಿ ಹೊಲ ಆರಿಸಬೇಕು. ಮಾಲೂರಿನ ನೀಲಗಿರಿ ತೋಪು, ಶ್ರೀನಿವಾಸಪುರದ ಮಾವಿನ ತೋಪು, ಮುಳಬಾಗಿಲಿನ ಬಂಡೆಗಳು ಬೇಡ. ಟೊಮೆಟೊ ತೋಟ ಮೇಲಿಂದ ಮೆತ್ತಗೆ ಕಾಣುತ್ತೆ, ಒಳಗೆಲ್ಲ ಕೋಲು, ತಂತಿ. ಒಣಗಿದ ಕೆರೆ ಅಂಗಳ ಅಂತೀರಾ? 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ಎಷ್ಟೋ ಕೆರೆಗಳು ತುಂಬಿವೆ, ಹಳೇ ನೆನಪು ನಂಬೋ ಹಾಗಿಲ್ಲ. ಹೆದ್ದಾರಿಯಲ್ಲಿ ಬಸ್ಸು, ಲಾರಿ, ಜನ.

ನಾನಾದ್ರೆ ಕೊಯ್ಲಾದ ರಾಗಿ ಹೊಲ ಹುಡುಕ್ತೀನಿ. ಹೊಗೆ ವಾಲಿದ ಕಡೆ ನೋಡಿದ್ರೆ ಗಾಳಿಯ ದಿಕ್ಕು ತಿಳಿಯುತ್ತೆ, ಅದಕ್ಕೆ ಎದುರಾಗಿ ಇಳಿಯಬೇಕು. ಉತ್ತ ಸಾಲಿದ್ರೆ ಅದರ ಉದ್ದಕ್ಕೇ ಇಳಿಯಬೇಕು, ಅಡ್ಡ ಅಲ್ಲ. ಕಂಬ ಕಂಡ್ರೆ ತಂತಿ ಇದೆ ಅಂತಲೇ ಲೆಕ್ಕ. ಕಳೆ ಕೀಳೋ ಜನ ಇರೋ ಹೊಲ ಎಷ್ಟು ಸಮತಟ್ಟಾಗಿದ್ರೂ ಬೇಡ. ಒಂದು ಆರಿಸಿದ ಮೇಲೆ ಕೊನೇ ಗಳಿಗೆಯಲ್ಲಿ ಇನ್ನೊಂದರ ಆಸೆಗೆ ತಿರುಗಬಾರದು. ಎತ್ತರ, ವೇಗ ಎರಡೂ ಕೈ ಬಿಡುತ್ತೆ.

ನಿಮ್ಮ ಹೊಲಕ್ಕೇ ವಿಮಾನ ಇಳಿದ್ರೆ? ಪ್ರೊಪೆಲ್ಲರ್ ಹತ್ತಿರ ಹೋಗಬೇಡಿ, ಬೀಡಿ ಹಚ್ಚೋಕೆ ಬಿಡಬೇಡಿ. ವಿಡಿಯೊ ಆಮೇಲೆ, ಮೊದಲು 112ಕ್ಕೆ ಫೋನ್ ಮಾಡಿ.