ಗಮನ ಎಂಬ ಮಾತಿಗೆ ಎರಡರ್ಥ



ಎಂಬತ್ತು ದಾಟಿದ ಮೇಲೆ ನಮ್ಮ ಸೋದರತ್ತೆಗೆ ಒಂದು ಅಭ್ಯಾಸ ಹತ್ತಿತು. ದೇವಸ್ಥಾನದಿಂದ ಬರುವ ದಾರಿಯಲ್ಲಿ ಏನಾದರೂ ಕೇಳಿದೆವೋ, ಗಕ್ಕನೆ ನಿಂತುಬಿಡುತ್ತಾರೆ. ಉತ್ತರ ಹೇಳಿ ಮುಗಿಸಿ, ಸೆರಗು ಸರಿಮಾಡಿಕೊಂಡು, ಆಮೇಲೆ ಮುಂದಿನ ಹೆಜ್ಜೆ. ಹಿಂದಿನಿಂದ ಆಟೋದವನು ಹಾರನ್ ಬಾರಿಸಿದರೂ ಅಷ್ಟೇ. ಮಾತಿನ ಚಪಲ ಎಂದು ನಾವು ನಗುತ್ತಿದ್ದೆವು. ಆ ನಿಲುಗಡೆಗೆ ವೈದ್ಯಶಾಸ್ತ್ರದಲ್ಲಿ ಒಂದು ಚರಿತ್ರೆಯೇ ಇದೆ ಎಂದು ಗೊತ್ತಾದದ್ದು ಬಹಳ ತಡವಾಗಿ.

ನಿಂತಾಗ, ನಡೆಯುವಾಗ ಬೀಳದಂತೆ ಕಾಯುವ ಸಮತೋಲನವನ್ನು ವೈದ್ಯರು ಮೊದಲು ಹುಡುಕಿದ್ದು ಕಾಲು, ಕಿವಿ, ಕಣ್ಣುಗಳಲ್ಲಿ. 1840ರ ದಶಕದಲ್ಲಿ ಬರ್ಲಿನ್ನಿನ ಮೋರಿಟ್ಸ್ ರೋಮ್‌ಬರ್ಗ್ ರೋಗಿಯನ್ನು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳುತ್ತಿದ್ದ. ಬೆನ್ನುಹುರಿ ಕೆಟ್ಟವರು ತೂಗಾಡಿ ಬೀಳುತ್ತಿದ್ದರು. 1911ರಲ್ಲಿ ಶರೀರಕ್ರಿಯಾ ವಿಜ್ಞಾನಿ ಗ್ರಹಾಂ ಬ್ರೌನ್, ಮಿದುಳಿನ ಸಂಪರ್ಕ ಕಡಿದ ಬೆಕ್ಕಿನ ಕಾಲೂ ಹೆಜ್ಜೆಯ ಲಯದಲ್ಲಿ ಆಡುವುದನ್ನು ತೋರಿಸಿದ. ನಡಿಗೆ ತನ್ನಷ್ಟಕ್ಕೆ ಸಾಗುವ ಕೆಲಸ, ಬುದ್ಧಿಗೆ ಅಲ್ಲೇನೂ ಪಾತ್ರವಿಲ್ಲ ಎಂಬ ಭಾವನೆ ಬಹುಕಾಲ ಬೇರೂರಿತ್ತು.

1985ರಲ್ಲಿ ಸಂಶೋಧಕಿ ಬೆತ್ ಕೆರ್ ಮತ್ತು ಸಂಗಡಿಗರು ಆ ಭಾವನೆಯನ್ನು ಸ್ವಲ್ಪ ಅಲುಗಾಡಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಂದು ಪಾದದ ಮುಂದೆ ಇನ್ನೊಂದಿಟ್ಟು ನಿಂತ ಕಾಲೇಜು ಹುಡುಗರಿಗೆ, ಮನಸ್ಸಿನಲ್ಲೇ ಚೌಕದ ಮನೆಗಳಲ್ಲಿಟ್ಟ ಅಂಕಿಗಳಲ್ಲಿ ಯಾವುದು ಎಲ್ಲಿತ್ತು ಎಂಬುದೇ ಕಲಸಿಹೋಗುತ್ತಿತ್ತು.

ನನಗೆ ಇಷ್ಟವಾದ ಕಥೆ ಮಾತ್ರ 1997ರದು. ಸ್ವೀಡನ್ನಿನ ಉಮೆಯೊ ಪಟ್ಟಣದ ಲಿಲ್ಲೆಮೊರ್ ಲುಂಡಿನ್-ಓಲ್ಸೊನ್ ಮತ್ತು ಸಂಗಡಿಗರು ಆಶ್ರಯಧಾಮದ 58 ವೃದ್ಧರನ್ನು ಗಮನಿಸಿದರು. ಯಂತ್ರವಿಲ್ಲ, ತಂತಿಯಿಲ್ಲ. ಜೊತೆಗೆ ನಡೆಯುತ್ತಾ ಮಾತಿಗೆ ತೊಡಗಿದರು, ಅಷ್ಟೇ. 12 ಮಂದಿ ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು! ನಿಲ್ಲದವರೆಲ್ಲ ಕ್ಷೇಮ ಎಂದೇನೂ ಅಲ್ಲ. ಅವರಲ್ಲೂ 11 ಮಂದಿ ಬಿದ್ದರು. ಆದರೂ ಒಂದು ಕುಶಲಪ್ರಶ್ನೆಯಿಂದ ಇಷ್ಟು ತಿಳಿಯಿತಲ್ಲ.

ಕನ್ನಡದಲ್ಲಿ ಗಮನ ಅಂದರೆ ನಡೆಯುವುದೂ ಹೌದು, ಲಕ್ಷ್ಯವೂ ಹೌದು. ವಯಸ್ಸಾದಂತೆ ಪಾದದ ಸ್ಪರ್ಶ, ಕಿವಿಯೊಳಗಿನ ಸಮತೋಲನದ ಅರಿವು, ಕಣ್ಣು ಎಲ್ಲವೂ ಮಂದವಾಗುತ್ತವೆ. ಆ ಕೊರತೆ ತುಂಬಲು ಮಿದುಳು ಹೆಜ್ಜೆಗೇ ಹೆಚ್ಚು ಲಕ್ಷ್ಯ ಕೊಡಬೇಕು. ಮಾತಿಗೆ ಉಳಿಯುವುದು ಕಡಿಮೆ. ನಮ್ಮ ಅವಧಾನಿಗಳೂ ಎಂಟು ಕಡೆಯ ಪ್ರಶ್ನೆಗೆ ಉತ್ತರಿಸುವುದು ಕುಳಿತುಕೊಂಡೇ, ನೋಡಿ.

ಮರುವರ್ಷ ಉಮೆಯೊದ ಅದೇ ತಂಡ ಮುದುಕರ ಕೈಗೆ ನೀರಿನ ಲೋಟ ಕೊಟ್ಟಿತು. ಕುರ್ಚಿಯಿಂದೆದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಲೋಟ ಹಿಡಿದಾಗ ಬರಿಗೈಯಲ್ಲಿ ನಡೆದುದಕ್ಕಿಂತ ನಾಲ್ಕೂವರೆ ಸೆಕೆಂಡೋ ಅದಕ್ಕೂ ಹೆಚ್ಚೋ ತಡವಾದವರು ಬೀಳುವ ಸಂಭವ ಜಾಸ್ತಿ ಎಂದು ಕಂಡಿತು.

ಈ ಬೀಳುವ ಸಂಭವವನ್ನು ತಗ್ಗಿಸಬಹುದೇ? ಜಿನೀವಾದಲ್ಲಿ 65 ದಾಟಿದ 134 ಮಂದಿಯೊಂದಿಗೆ ನಡೆಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಅಲ್ಲಿ ಕಲಿಸಿದ್ದು ಸಂಗೀತದ ಮೇಷ್ಟ್ರು ಜಾಕ್-ಡಾಲ್‌ಕ್ರೋಜ್ ನೂರು ವರ್ಷಕ್ಕೂ ಹಿಂದೆ ವಿದ್ಯಾರ್ಥಿಗಳಿಗಾಗಿ ಕಟ್ಟಿದ ಪಾಠ: ಪಿಯಾನೋ ಲಯ ಬದಲಿಸಿದಂತೆ ನಡಿಗೆಯೂ ಬದಲಾಗಬೇಕು. ವಾರಕ್ಕೊಂದು ಗಂಟೆ, ಆರು ತಿಂಗಳು. ಪಾಠ ಕಲಿತವರು ಬಿದ್ದದ್ದು ಕಲಿಯದವರ ಅರ್ಧಕ್ಕಿಂತ ಕಡಿಮೆ.

ಅತ್ತೆಗೆ ಪಿಯಾನೋ ಎಲ್ಲಿಂದ ತರೋಣ? ಈಗ ಅವರು ನಿಂತರೆ ನಾನೂ ನಿಲ್ಲುತ್ತೇನೆ. ಮೊನ್ನೆ ಸಾರಿಗೆ ಹುಣಸೆ ಎಷ್ಟು ಎಂದು ಕೇಳಿದ್ದೇ ತಪ್ಪಾಯಿತು. ಉತ್ತರ ಮುಗಿಯುವಷ್ಟರಲ್ಲಿ ಎರಡು ಬಸ್ಸು ಹೋದವು.