ಬಂಧನದಿಂದ ಜಾಮೀನಿನವರೆಗೆ

ಕಾಡಿನ ಪ್ರಕರಣವಿರಲಿ, ಧರಣಿಯಿರಲಿ, ಬಂಧಿತನಿಗೆ ಕಾರಣವನ್ನು ತಿಳಿಸತಕ್ಕದ್ದು. ಮನೆಯವರಿಗೂ ಸುದ್ದಿ ಮುಟ್ಟಿಸತಕ್ಕದ್ದು. ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರೆದುರು ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ವಶದಲ್ಲಿರುವವರಿಗೆ ಉಚಿತ ಕಾನೂನು ನೆರವನ್ನು 1987ರ ಕಾಯಿದೆ ನೀಡಿದೆ. ಅದನ್ನು ಅಲ್ಲಿಯೇ ಕೇಳಿರಿ.

ನ್ಯಾಯಾಂಗ ಬಂಧನಕ್ಕೊಪ್ಪಿಸಿದರೆ ಕಾರಾಗೃಹದಲ್ಲಿ ಹೆಸರು, ಗುರುತು, ಮೈಮೇಲಿನ ಹಣ-ಒಡವೆಗಳು ದಾಖಲಾಗುತ್ತವೆ; ವೈದ್ಯಕೀಯ ತಪಾಸಣೆ ನಡೆಯುತ್ತದೆ.

ಜಾಮೀನು ನೀಡಬಹುದಾದ ಅಪರಾಧಗಳಲ್ಲಿ ಜಾಮೀನು ಹಕ್ಕೇ ಹೊರತು ಕೃಪೆಯಲ್ಲ. ಉಳಿದವುಗಳಲ್ಲಿ ಅದು ನ್ಯಾಯಾಲಯದ ವಿವೇಚನೆ. ನಮ್ಮಲ್ಲಿ ಜಾಮೀನುದಾರರ ಪಹಣಿ ಕೇಳುವುದು ರೂಢಿ. ಪಹಣಿಯುಳ್ಳವರ ಬೆಂಬಲವಿಲ್ಲದ ಕೂಲಿಕಾರ ಒಳಗೇ ಉಳಿಯುತ್ತಾನೆ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೆಯ ಕಲಮಿನಂತೆ, ಜಾಮೀನು ನೀಡಬಹುದಾದ ಅಪರಾಧದಲ್ಲಿ ನಿರ್ಗತಿಕನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ವಾರದೊಳಗೆ ಜಾಮೀನು ಒದಗಿಸಲಾಗದಿರುವುದೇ ನಿರ್ಗತಿಕನೆಂದು ಭಾವಿಸಲು ಸಾಕಷ್ಟು ಆಧಾರ. ಈ ಮಾತನ್ನು ವಿದ್ಯಾರ್ಥಿಗಳು ಮನೆಮನೆಗೂ ಮುಟ್ಟಿಸಲಿ.